ಹೊರಗೆ ಅರ್ಧ ಗಂಟೆ ಸುತ್ತಿಸಿದ್ರೂ ಮಾಡಲ್ಲ, ಒಳಗೆ ಬಂದು ಸೋಫಾ ಹಿಂದೆ ಸುಸ್ಸು ಮಾಡ್ತಾಳೆ, ಏನ್ಮಾಡ್ಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್ ಹೆಸರು ಚಿನ್ನಿ, 5 ವರ್ಷ, 30 ಕೆಜಿ ಇದಾಳೆ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಹಾಸನದಲ್ಲಿ ಇದ್ದಾಗ ಹಿತ್ತಲಿತ್ತು, ಬಾಗಿಲು ತೆಗೆದ್ರೆ ತಾನೇ ಹೋಗಿ ತೆಂಗಿನ ಮರದ ಹತ್ರ ಮುಗಿಸಿ ಬರ್ತಿದ್ಲು, ಒಂದು ದಿನ ಮನೆಯೊಳಗೆ ಮಾಡಿದವಳಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಶಿಫ್ಟ್ ಆದ್ವಿ, ಮೂರನೇ ಮಹಡಿ ಫ್ಲಾಟ್. ಎರಡು ತಿಂಗಳಿಂದ ಒಂದೇ ಗೋಳು. ಕೆಳಗೆ ಕರ್ಕೊಂಡು ಹೋಗಿ ಅರ್ಧ ಗಂಟೆ ಸುತ್ತಿಸಿದ್ರೂ ಏನೂ ಮಾಡಲ್ಲ, ಮನೆಗೆ ಬಂದು ಐದು ನಿಮಿಷಕ್ಕೆ ಸೋಫಾ ಹಿಂದೆ ಹೋಗಿ ಮಾಡ್ತಾಳೆ. ನಮ್ಮ ಯಜಮಾನ್ರು ಎರಡು ಮೂರು ಸಲ ಮೂಗು ಉಜ್ಜಿ ಬೈದ್ರು. ಬೈದ್ರೆ ತಲೆ ತಗ್ಗಿಸಿ ನಿಲ್ತಾಳೆ, ತಪ್ಪು ಅಂತ ಗೊತ್ತಿದೆ, ಆದ್ರೂ ಮಾಡ್ತಾಳೆ. ಅತ್ತೆ ಇದು ಹಠ ಅಂತಾರೆ, ದೇವರ ಮನೆ ಪಕ್ಕದಲ್ಲೇ ಆಗೋದ್ರಿಂದ ಅವರಿಗೆ ತುಂಬಾ ಬೇಜಾರು. ದಿನಾ ಫಿನಾಯಿಲ್ ಹಾಕಿ ಒರೆಸ್ತೀವಿ. ವಾಪಸ್ ಹಾಸನದಲ್ಲಿ ಮೈದುನನ ಮನೇಲಿ ಬಿಟ್ಟು ಬರೋದಾ ಅಂತ ಮಾತು ನಡೀತಿದೆ. ಇನ್ನೊಂದು, ಕೆಲವು ದಿನ ಬೆಳಿಗ್ಗೆ ಅವಳ ಹಾಸಿಗೆನೂ ಒದ್ದೆ ಇರತ್ತೆ. ಮೇ ತಿಂಗಳಿಂದ ತುರಿಕೆಗೆ ಮಾತ್ರೆ ನಡೀತಿದೆ.

ಉತ್ತರ: ನೀವು "ಇನ್ನೊಂದು" ಅಂತ ಕೊನೇಲಿ ಸೇರಿಸಿದ್ದೀರಲ್ಲ ಆ ಎರಡು ಸಾಲು, ನಾನು ಶುರು ಮಾಡೋದು ಅಲ್ಲಿಂದ್ಲೇ. ನೀವು ಒಂದು ಸಮಸ್ಯೆ ಅಂತ ಬರೆದಿದ್ದೀರಿ, ನಂಗೆ ಇದ್ರಲ್ಲಿ ಕನಿಷ್ಠ ಎರಡು, ಬಹುಶಃ ಮೂರು ಬೇರೆ ಬೇರೆ ಉಚ್ಚೆ ಕಾಣ್ತಿದೆ. ಹಾಸಿಗೆಯಲ್ಲಿ ಆಗೋದು ಒಂದು, ಸೋಫಾ ಹಿಂದೆ ಆಗೋದು ಇನ್ನೊಂದು, ಮಾತ್ರೆಯಿಂದ ಜಾಸ್ತಿ ಆಗಿರಬಹುದಾದ್ದು ಮತ್ತೊಂದು. ಎಲ್ಲ ಒದ್ದೆನೂ ಒಂದೇ ಬಟ್ಟೆಯಲ್ಲಿ ಒರೆಸ್ತೀವಿ ಅಂತ ಎಲ್ಲದಕ್ಕೂ ಒಂದೇ ಕಾರಣ ಅಂದ್ಕೊಂಡ್ಬಿಡ್ತೀವಿ.

ಹಾಸಿಗೆ ಒದ್ದೆ ಆಗೋದು ಅವಳು "ಮಾಡೋದು" ಅಲ್ಲ, ಅದು ಸೋರೋದು. ನಿದ್ದೆಯಲ್ಲಿ ಆಗತ್ತೆ, ಅವಳಿಗೆ ಗೊತ್ತೇ ಆಗಲ್ಲ, ಎದ್ದ ಮೇಲೆ ಅವಳೇ ಮೂಸಿ ನೋಡ್ತಾಳೆ ಇದೇನಿದು ಅಂತ. ಆಪರೇಷನ್ ಆದ ಹೆಣ್ಣು ನಾಯಿಗಳಲ್ಲಿ, ಅದ್ರಲ್ಲೂ ದೊಡ್ಡ ಮೈಯವರಲ್ಲಿ, ಮೂತ್ರದ ದಾರಿಯನ್ನ ಬಿಗಿಯಾಗಿ ಹಿಡಿದಿಡೋ ಸ್ನಾಯು ಸಡಿಲ ಆಗೋದು ಇದೆ, ಹಾರ್ಮೋನ್ ಇಲ್ಲದೆ ಹೋಗೋದು ಅದಕ್ಕೆ ಮುಖ್ಯ ಕಾರಣ. ಆಪರೇಷನ್ ಆದ ಕೂಡ್ಲೇ ಆಗಬೇಕು ಅಂತಿಲ್ಲ, ಎಷ್ಟೋ ವರ್ಷ ಬಿಟ್ಟೂ ಶುರು ಆಗತ್ತೆ. ತೂಕ ಜಾಸ್ತಿ ಇದ್ರೆ ಇನ್ನೂ ಕಷ್ಟ. ಇದಕ್ಕೆ ಫಿನೈಲ್‌ಪ್ರೊಪನೊಲಮೈನ್, ಈಸ್ಟ್ರಿಯಾಲ್ ಅನ್ನೋ ಔಷಧಿಗಳಿವೆ, ಹೆಚ್ಚಿನ ನಾಯಿಗಳಿಗೆ ಚೆನ್ನಾಗಿ ಗುಣ ಸಿಗತ್ತೆ, ಆದ್ರೆ ಅದು ಡಾಕ್ಟ್ರು ನೋಡಿ, ಬಿಪಿ ಎಲ್ಲ ಗಮನಿಸಿ ಕೊಡಬೇಕಾದ್ದು, ಮೆಡಿಕಲ್ ಶಾಪಲ್ಲಿ ಕೇಳಿ ತರೋದಲ್ಲ. ಟ್ರೇನಿಂಗ್‌ಗೂ ಇದಕ್ಕೂ ಸಂಬಂಧ ಇಲ್ಲ. ನಿದ್ದೆಯಲ್ಲಿ ಗೊರಕೆ ಹೊಡೆದಿದ್ದಕ್ಕೆ ಬೆಳಿಗ್ಗೆ ಎಬ್ಬಿಸಿ ಬೈದ ಹಾಗೆ ಆಗತ್ತೆ ಅಷ್ಟೆ.

ಈಗ ಮಾತ್ರೆ. ಸ್ಟ್ರಿಪ್ ತಿರುಗಿಸಿ ಹೆಸರು ಓದಿ. ಪ್ರೆಡ್ನಿಸೊಲೋನ್ ಅಂತಾನೋ, ಮೀಥೈಲ್ ಪ್ರೆಡ್ನಿಸೊಲೋನ್ ಅಂತಾನೋ, ಡೆಕ್ಸಾಮೆಥಾಸೋನ್ ಅಂತಾನೋ ಇದ್ರೆ ಅದು ಸ್ಟೀರಾಯ್ಡ್. ತುರಿಕೆಗೆ ಬೇಗ ಕೆಲಸ ಮಾಡತ್ತೆ, ಅದಕ್ಕೇ ಕೊಡ್ತಾರೆ, ನಾನೂ ಕೊಡ್ತೀನಿ. ಆದ್ರೆ ಸ್ಟೀರಾಯ್ಡ್ ತಗೊಳ್ಳೋ ನಾಯಿಗೆ ವಿಪರೀತ ಬಾಯಾರಿಕೆ, ವಿಪರೀತ ಹಸಿವು, ಬಕೆಟ್‌ಗಟ್ಲೆ ಉಚ್ಚೆ. ಇದನ್ನ ಮನೆಯವರಿಗೆ ಮೊದಲೇ ಹೇಳಬೇಕು, ಗಡಿಬಿಡಿಯಲ್ಲಿ ಹೇಳದೆ ಹೋಗಿರ್ತೀವಿ, ನಮ್ಮ ಕಡೆಯವರ ತಪ್ಪೇ ಅದು. ಏಪ್ರಿಲ್‌ನಲ್ಲಿ ಶಿಫ್ಟ್, ಮೇನಲ್ಲಿ ಮಾತ್ರೆ, ಎರಡು ತಿಂಗಳಿಂದ ಸಮಸ್ಯೆ, ಅಂದ್ರೆ ಲೆಕ್ಕ ಕೂಡ್ತಾ ಇದೆ ನೋಡಿ. ಮೊದಲೇ ಸಡಿಲ ಆಗಿದ್ದ ಸ್ನಾಯು ಮಾಮೂಲಿ ದಿನದಲ್ಲಿ ಹೇಗೋ ತಡೀತಿತ್ತು, ಮೂತ್ರ ಎರಡರಷ್ಟು ಆದಾಗ ರಾತ್ರಿ ಸೋರೋಕೆ ಶುರು ಆಗಿರಬಹುದು. ಸ್ಟೀರಾಯ್ಡ್ ಇದ್ದಾಗ ಮೂತ್ರದ ಇನ್ಫೆಕ್ಷನ್ ಕೂಡ ಸುಲಭವಾಗಿ ಆಗತ್ತೆ. ಹಾಗಂತ ಇವತ್ತು ರಾತ್ರಿನೇ ಮಾತ್ರೆ ನಿಲ್ಲಿಸ್ಬೇಡಿ ದಯವಿಟ್ಟು, ತುಂಬಾ ದಿನದಿಂದ ತಗೊಳ್ತಿದ್ದ ಸ್ಟೀರಾಯ್ಡ್ ದಿಢೀರ್ ನಿಲ್ಲಿಸಿದ್ರೆ ಮೈ ತಡ್ಕೊಳ್ಳಲ್ಲ, ಸ್ವಲ್ಪ ಸ್ವಲ್ಪ ಇಳಿಸಬೇಕು. ಕೊಟ್ಟ ಡಾಕ್ಟ್ರಿಗೆ ಹೇಳಿ, ತುರಿಕೆಗೆ ಸ್ಟೀರಾಯ್ಡ್ ಅಲ್ಲದ ಬೇರೆ ದಾರಿಗಳೂ ಈಗ ಇವೆ.

ನಾಳೆಯಿಂದ ಎರಡು ದಿನ ನೀರು ಅಳೆಯಿರಿ. ಏನು ದೊಡ್ಡ ಕೆಲಸ ಅಲ್ಲ, ಬೆಳಿಗ್ಗೆ ಅಳತೆ ಗೊತ್ತಿರೋ ಬಾಟ್ಲಿಯಲ್ಲಿ 3 ಲೀಟರ್ ತುಂಬಿಸಿಟ್ಕೊಂಡು ಅದ್ರಿಂದ್ಲೇ ಬಟ್ಟಲಿಗೆ ಹಾಕ್ತಾ ಹೋಗಿ, ಮಾರನೇ ದಿನ ಅದೇ ಹೊತ್ತಿಗೆ ಎಷ್ಟು ಉಳಿದಿದೆ ನೋಡಿ, ಬಾತ್ರೂಮ್ ಬಕೆಟ್‌ಗೆ ಬಾಯಿ ಹಾಕೋ ಅಭ್ಯಾಸ ಇದ್ರೆ ಆ ಬಾಗಿಲು ಹಾಕಿಡಿ. 30 ಕೆಜಿ ನಾಯಿ ಸುಮಾರು ಒಂದೂವರೆ ಎರಡು ಲೀಟರ್ ಕುಡಿದ್ರೆ ಮಾಮೂಲಿ. ಕೆಜಿಗೆ 100 ಮಿಲಿ ದಾಟಿದ್ರೆ, ಅಂದ್ರೆ ನಿಮ್ಮ ಚಿನ್ನಿಗೆ 3 ಲೀಟರ್ ಮೇಲೆ ಹೋದ್ರೆ, ಮೈಯೊಳಗೆ ಏನೋ ಇದೆ ಇಲ್ಲ ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ. ಅನ್ನ ಸಾರು ಕಲಸಿ ಹಾಕೋ ಮನೆ ಆದ್ರೆ ಅದ್ರಲ್ಲೂ ನೀರಿರತ್ತೆ, ಅದೂ ಲೆಕ್ಕಕ್ಕೆ ಬರತ್ತೆ. ಮತ್ತೆ, ಒದ್ದೆ ಮಾಡ್ತಾಳೆ ಅಂತ ನೀರು ಕಡಿಮೆ ಇಡೋ ಬುದ್ಧಿವಂತಿಕೆ ಬೇಡ. ಕಿಡ್ನಿ ಪ್ರಾಬ್ಲಂ ಏನಾದ್ರೂ ಇದ್ದು ನೀರೂ ಸಿಗದೆ ಹೋದ್ರೆ ಎರಡೇ ದಿನದಲ್ಲಿ ಮಲಗಿಬಿಡ್ತಾರೆ.

ಜೊತೆಗೆ ಒಂದು ಯೂರಿನ್ ಟೆಸ್ಟ್. ಹೆಣ್ಣು ನಾಯಿ ಕೆಳಗೆ ಕೂತು ಮಾಡೋದ್ರಿಂದ ಡಬ್ಬಿ ಹಿಡಿಯೋಕಾಗಲ್ಲ, ಅಂಚು ಚಿಕ್ಕದಾಗಿರೋ ಸ್ಟೀಲ್ ತಟ್ಟೆ ಬಿಸಿನೀರಲ್ಲಿ ತೊಳೆದು ಒಣಗಿಸಿಟ್ಕೊಂಡು, ಅವಳು ಶುರು ಮಾಡಿದ ಮೇಲೆ ಹಿಂದಿಂದ ಮೆಲ್ಲಗೆ ಜಾರಿಸಿ (ಆಮೇಲೆ ಆ ತಟ್ಟೆ ಅಡುಗೆಮನೆಗೆ ವಾಪಸ್ ಹೋಗಲ್ಲ ಅಂತ ಅತ್ತೆಯವರಿಗೆ ಮೊದಲೇ ಮಾತು ಕೊಡಿ). ಬೆಳಗಿನ ಮೊದಲ ಮೂತ್ರ ಒಳ್ಳೇದು, ಗಟ್ಟಿ ಇರತ್ತೆ. ಮೆಡಿಕಲ್ ಶಾಪಲ್ಲಿ ಸಿಗೋ ಯೂರಿನ್ ಡಬ್ಬಿಗೆ ಹಾಕಿ ಒಂದು ಗಂಟೆಯೊಳಗೆ ಕೊಡಿ, ತಡ ಆಗತ್ತೆ ಅಂದ್ರೆ ಫ್ರಿಡ್ಜಲ್ಲಿ, ಕವರ್ ಮೇಲೆ ಕವರ್ ಸುತ್ತಿ. ಕಲ್ಚರ್, ಅಂದ್ರೆ ಮೂತ್ರದಲ್ಲಿ ಯಾವ ರೋಗಾಣು ಇದೆ ಅಂತ ಬೆಳೆಸಿ ನೋಡೋ ಟೆಸ್ಟ್, ಮಾಡಿಸ್ಬೇಕು ಅಂದ್ರೆ ಮಾತ್ರ ಡಾಕ್ಟ್ರೇ ಹೊಟ್ಟೆ ಮೂಲಕ ಸಣ್ಣ ಸೂಜಿಯಲ್ಲಿ ತೆಗೀತಾರೆ. ನಿಮ್ಮ ಹತ್ರದ ಕ್ಲಿನಿಕ್‌ನಲ್ಲಿ ಸೌಲಭ್ಯ ಇಲ್ದಿದ್ರೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆ ಇದ್ದೇ ಇದೆ, ಕಾಯೋಕೆ ಮಾತ್ರ ರೆಡಿ ಇರಿ.

ಟೆಸ್ಟ್ ಬಗ್ಗೆ ಇಷ್ಟು ಒತ್ತಿ ಹೇಳೋಕೆ ಕಾರಣ ನನ್ನದೇ ಒಂದು ಎಡವಟ್ಟು. ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ಒಂದು ಪಾಮರೇನಿಯನ್ ಬಂದಿತ್ತು, ಮನೆಗೆ ಹೊಸ ಮಗು ಬಂದ ಮೇಲೆ ಒಳಗೆ ಸುಸ್ಸು ಶುರು ಮಾಡಿದೆ ಅಂದ್ರು, ನಾನೂ ಹೂಂ ಹೊಟ್ಟೆಕಿಚ್ಚು ಅಂತ ಕಥೆ ಕಟ್ಕೊಂಡು ಒಂದು ತಿಂಗಳು ಟ್ರೇನಿಂಗ್ ಹೇಳಿಕೊಟ್ಟೆ. ಆಮೇಲೆ ಮೂತ್ರದಲ್ಲಿ ರಕ್ತ ಬಂದು ಎಕ್ಸ್‌ರೇ ತೆಗೆದ್ರೆ ಮೂತ್ರಕೋಶದಲ್ಲಿ ಹುಣಸೆಬೀಜದಂಥ ಎರಡು ಕಲ್ಲು. ಆ ನಾಯಿ ಒಂದು ತಿಂಗಳು ನೋವಲ್ಲೇ ನನ್ನ ಟ್ರೇನಿಂಗ್ ಮಾಡಿತ್ತು. ಅವತ್ತಿಂದ ಬೆಳೆದ ನಾಯಿ ಇದ್ದಕ್ಕಿದ್ದ ಹಾಗೆ ಒಳಗೆ ಮಾಡ್ತಿದೆ ಅಂದ್ರೆ ಮೊದಲು ಮೂತ್ರ, ಆಮೇಲೆ ಮಾತು.

ಬೇರೆ ಓದುಗರಿಗೂ ಉಪಯೋಗ ಆಗ್ಲಿ ಅಂತ ಚುಟುಕಾಗಿ ಹೇಳ್ತೀನಿ: ಆಪರೇಷನ್ ಆಗದ ಹೆಣ್ಣು ನಾಯಿ ಬೆದೆಗೆ ಬಂದು ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿದು, ಮಂಕಾಗಿ, ಊಟ ಬಿಟ್ರೆ ಅದು ಗರ್ಭಕೋಶದಲ್ಲಿ ಕೀವು ಇರಬಹುದು, ಅದು ಜೀವಕ್ಕೆ ಅಪಾಯ. ಉಣ್ಣೆ ಜ್ವರ, ಮಳೆಗಾಲದಲ್ಲಿ ಇಲಿ ಉಚ್ಚೆಯಿಂದ ಬರೋ ಇಲಿಜ್ವರ, ಎರಡೂ ಕಿಡ್ನಿಗೆ ಹೊಡೀತವೆ. ವಯಸ್ಸಾದ ನಾಯಿಗೆ ಮಂಡಿನೋವಿಂದ ಮೆಟ್ಟಿಲು ಇಳಿಯೋಕಾಗದೆ ಅಲ್ಲೇ ಆಗತ್ತೆ, ಕೆಲವಕ್ಕೆ ಮರೆವು. ಪದೇ ಪದೇ ಕೂತು ಹನಿಯೂ ಬರ್ತಿಲ್ಲ ಅಂದ್ರೆ, ರಕ್ತ ಕಂಡ್ರೆ, ಅವತ್ತೇ ಆಸ್ಪತ್ರೆ, ಬೆಳಿಗ್ಗೆ ನೋಡೋಣ ಅನ್ಬೇಡಿ.

ಸರಿ, ಇನ್ನು ಸೋಫಾ ಹಿಂದಿನದು. ನೀವು "ಒಂದು ದಿನ ಮನೆಯೊಳಗೆ ಮಾಡಿದವಳಲ್ಲ" ಅಂತೀರಿ, ನಿಜ, ಆದ್ರೆ ಚಿನ್ನಿ ಕಲಿತಿದ್ದು ಮನೆಯೊಳಗೆ ಮಾಡಬಾರದು ಅನ್ನೋದನ್ನಲ್ಲ. ಅವಳು ಕಲಿತಿದ್ದು ಬಾಗಿಲು ತೆಗೀತಾರೆ, ಮೂರು ಮೆಟ್ಟಿಲು ಇಳೀಬೇಕು, ಹಸಿ ಮಣ್ಣು ಕಾಲಿಗೆ ಸಿಗತ್ತೆ, ತೆಂಗಿನ ಮರದ ಹತ್ರ ನನ್ನದೇ ವಾಸನೆ ಇರತ್ತೆ, ಯಾರೂ ನನ್ನ ನೋಡ್ತಿಲ್ಲ, ಅಲ್ಲಿ ಮಾಡ್ಬೇಕು ಅಂತ. ನಾಯಿಗಳಿಗೆ ಕಾಲಡಿ ಏನಿದೆ ಅನ್ನೋದು ತುಂಬಾ ಮುಖ್ಯ, ಮರಿಯಲ್ಲಿ ಯಾವ ನೆಲದ ಮೇಲೆ ಅಭ್ಯಾಸ ಆಯ್ತೋ ದೊಡ್ಡವರಾದ ಮೇಲೂ ಅದನ್ನೇ ಹುಡುಕ್ತಾವೆ. ಈಗ ಅವಳಿಗೆ ಸಿಗ್ತಿರೋದೇನು? ಲಿಫ್ಟ್, ಬೇಸ್‌ಮೆಂಟ್ ಸಿಮೆಂಟು, ಇಂಟರ್‌ಲಾಕ್ ಇಟ್ಟಿಗೆ, ಕುತ್ತಿಗೆಗೆ ಹಗ್ಗ, ಗೇಟ್ ದಾಟಿದ್ರೆ ಬೀದಿಯ ನಾಲ್ಕು ನಾಯಿಗಳು, ಪ್ರತಿ ಲೈಟ್ ಕಂಬದಲ್ಲೂ "ಇದು ನಮ್ಮ ಏರಿಯಾ" ಅಂತ ಅವು ಬರೆದಿಟ್ಟಿರೋ ವಾಸನೆ, ಹಾರ್ನು, ಡೆಲಿವರಿ ಬೈಕು. ಭಯದಲ್ಲಿರೋ ನಾಯಿ ಕೂತು ಉಚ್ಚೆ ಮಾಡಲ್ಲ, ಯಾಕಂದ್ರೆ ಕೂತಾಗ ಓಡೋಕಾಗಲ್ಲ. ತಡ್ಕೊಂಡು ತಡ್ಕೊಂಡು ಮನೆಗೆ ಬಂದು, ಉಸ್ಸಪ್ಪಾ ಅಂತ ಮೈ ಸಡಿಲ ಬಿಟ್ಟ ಕೂಡ್ಲೇ ಆಗೋಗತ್ತೆ. ಆ ಐದು ನಿಮಿಷದ ಗುಟ್ಟು ಇದೇ.

ಸೋಫಾ ಹಿಂದೆನೇ ಯಾಕೆ? ಇಲ್ಲಿ ನಿಮ್ಮ ಯಜಮಾನ್ರಿಗೆ ಸ್ವಲ್ಪ ಬೇಜಾರಾಗೋ ಮಾತು ಹೇಳ್ಬೇಕು, ಕ್ಷಮಿಸಿ. ಮೂಗು ಉಜ್ಜಿದಾಗ ನಾಯಿಗೆ "ಮನೆಯೊಳಗೆ ಮಾಡಬಾರದು" ಅಂತ ಅರ್ಥ ಆಗಲ್ಲ, "ಇವರ ಕಣ್ಣೆದುರಿಗೆ ಉಚ್ಚೆ ಇದ್ರೆ ನಂಗೆ ಏಟು" ಅಂತ ಅರ್ಥ ಆಗತ್ತೆ. ಈಗ ಅದೇ ಯಜಮಾನ್ರು ಹಗ್ಗ ಹಿಡ್ಕೊಂಡು ಎರಡಡಿ ದೂರದಲ್ಲಿ ನಿಂತು "ಮಾಡು ಮಾಡು" ಅಂದ್ರೆ ಅವಳು ಹೇಗೆ ಮಾಡ್ತಾಳೆ ಹೇಳಿ? ಅವಳ ಪ್ರಕಾರ ಅದು ದೊಡ್ಡ ತಪ್ಪು. ಯಾರೂ ಕಾಣದ ಕಡೆ ಮಾಡೋದೇ ಒಳ್ಳೇ ನಾಯಿ ಲಕ್ಷಣ, ಮನೆಯಲ್ಲಿ ಕಾಣದ ಜಾಗ ಅಂದ್ರೆ ಸೋಫಾ ಹಿಂದೆ. ಅಂದ್ರೆ ಹೊರಗೆ ಮಾಡದೆ ಇರೋದು, ಒಳಗೆ ಕದ್ದು ಮಾಡೋದು ಎರಡಕ್ಕೂ ಆ ಬೈಗುಳಾನೇ ಗೊಬ್ಬರ ಹಾಕಿದೆ.

ತಲೆ ತಗ್ಗಿಸ್ತಾಳೆ, ಗೊತ್ತಿದ್ದೇ ಮಾಡ್ತಾಳೆ ಅಂದ್ರಲ್ಲ, ಅದರ ಮೇಲೆ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ಅಮೆರಿಕದ ವಿಜ್ಞಾನಿ 14 ನಾಯಿಗಳನ್ನ ಇಟ್ಕೊಂಡು ಒಂದು ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದ್ರು. ಮುಟ್ಟಬೇಡ ಅಂದ ತಿಂಡಿ ತಿಂದಿದೆ ಅಂತ ಆ ನಾಯಿಗಳ ಮಾಲೀಕರಿಗೆ ಕೆಲವು ಸಲ ನಿಜ ಹೇಳಿದ್ರು, ಕೆಲವು ಸಲ ಸುಳ್ಳು ಹೇಳಿದ್ರು. ತಿಂದ ನಾಯಿನೂ ತಿನ್ನದ ನಾಯಿನೂ ಬೈದಾಗ ಒಂದೇ ಥರ "ತಪ್ಪಾಯ್ತು" ಮುಖ ಮಾಡ್ತು, ಇನ್ನೂ ತಮಾಷೆ ಅಂದ್ರೆ ಏನೂ ತಪ್ಪು ಮಾಡದೆ ಬೈಸಿಕೊಂಡವು ಜಾಸ್ತಿ ಮಾಡಿದ್ವು. ಆ ಮುಖ ನಮ್ಮ ಕೋಪಕ್ಕೆ ಉತ್ತರ, ಹಠನೂ ಅಲ್ಲ ಪಶ್ಚಾತ್ತಾಪನೂ ಅಲ್ಲ. ಅತ್ತೆಯವರಿಗೆ ಇದನ್ನ ಓದಿ ಹೇಳಿ.

ಫಿನಾಯಿಲ್ ಬಿಡಿ. ಅದು ನಮ್ಮ ಮೂಗಿಗೆ ವಾಸನೆ ಮುಚ್ಚತ್ತೆ, ನಾಯಿ ಮೂಗಿಗೆ ಅಡಿಯಲ್ಲಿ ಉಚ್ಚೆ ಹಾಗೇ ಇರತ್ತೆ, ಮೇಲಿಂದ ಇನ್ನೊಂದು ವಾಸನೆ ಅಷ್ಟೆ. ಅಮೋನಿಯಾ ಇರೋ ಕ್ಲೀನರ್ ಅಂತೂ ಬೇಡವೇ ಬೇಡ, ಅದು ಉಚ್ಚೆ ಥರಾನೇ ನಾರತ್ತೆ. ಬ್ಲೀಚಿಂಗ್ ಹಾಕೋದೂ ಬೇಡ, ಉಚ್ಚೆ ಜೊತೆ ಸೇರಿದ್ರೆ ಕೆಟ್ಟ ಗ್ಯಾಸ್ ಬರತ್ತೆ. ಪೆಟ್ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಎಂಜೈಮ್ ಕ್ಲೀನರ್ ಅಂತ ಕೇಳಿ, ಅದ್ರಲ್ಲಿರೋ ಎಂಜೈಮು ಉಚ್ಚೆಯ ಅಂಶಗಳನ್ನ ಒಡೆದು ಹಾಕತ್ತೆ, ಆದ್ರೆ ಹಾಕಿ ಕೂಡ್ಲೇ ಒರೆಸ್ಬಾರ್ದು, ಬಾಟ್ಲಿ ಮೇಲೆ ಹೇಳಿರೋಷ್ಟು ಹೊತ್ತು ಬಿಡ್ಬೇಕು. ಹಳೇ ಫಿನಾಯಿಲ್ ಇದ್ರೆ ಎಂಜೈಮು ಸರಿಯಾಗಿ ಕೆಲಸ ಮಾಡದೆ ಇರಬಹುದು, ಅದಕ್ಕೆ ಮೊದಲು ಬರೀ ನೀರಲ್ಲಿ ಎರಡು ಸಲ ತೊಳೀರಿ. ಟೈಲ್ಸ್ ಮಧ್ಯದ ಸಂದಿ, ಸ್ಕರ್ಟಿಂಗ್ ಕೆಳಗೆ, ಸೋಫಾ ಕಾಲಿನ ಬುಡ, ಇವೇ ಕಳ್ಳ ಜಾಗಗಳು. ಒಂದು ಯುವಿ ಟಾರ್ಚ್ ತಗೊಂಡು ರಾತ್ರಿ ಲೈಟ್ ಆರಿಸಿ ನೋಡಿ, ಒಣಗಿದ ಕಲೆ ಹೊಳೆಯತ್ತೆ, ಎಷ್ಟು ಕಡೆ ಇದೆ ಅಂತ ನೋಡಿ ನೀವೇ ದಂಗಾಗ್ತೀರಿ. ಕ್ಲೀನರ್ ಬರೋವರೆಗೆ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸ್ಬಹುದು, ಆದ್ರೆ ನೆಲ ಮಾರ್ಬಲ್ ಆಗಿದ್ರೆ ವಿನಿಗರ್ ಮುಟ್ಟಿಸ್ಬೇಡಿ, ಪಾಲಿಶ್ ತಿಂದುಹಾಕತ್ತೆ, ಆಮೇಲೆ ನನ್ನ ಬೈಕೋತೀರಿ.

ಇನ್ನು ಮರಿಗೆ ಕಲಿಸೋ ಹಾಗೆ ಮೊದಲಿಂದ ಶುರು. ಮೂರ್ನಾಲ್ಕು ವಾರ ಚಿನ್ನಿಗೆ ಮನೆಯಲ್ಲಿ ಒಬ್ಬಳೇ ಓಡಾಡೋ ಸ್ವಾತಂತ್ರ್ಯ ಇಲ್ಲ, ಶಿಕ್ಷೆ ಅಲ್ಲ ಇದು, ಯಾರಾದ್ರೂ ಒಬ್ಬರ ಕಣ್ಣಳತೆಯಲ್ಲೇ ಇರ್ಬೇಕು, ಹಗ್ಗ ನಿಮ್ಮ ಸೊಂಟಕ್ಕೆ ಕಟ್ಕೊಂಡು ಪಾತ್ರೆ ತೊಳೆದ್ರೂ ಸರಿ. ಸೋಫಾ ಗೋಡೆಗೆ ಒತ್ತಿಡಿ, ದೇವರ ಮನೆ ಕಡೆಗೆ ಒಂದು ಮಕ್ಕಳ ಗೇಟ್ ಹಾಕಿ, ಅತ್ತೆಯವರ ಅರ್ಧ ಸಿಟ್ಟು ಅಲ್ಲೇ ಇಳಿಯತ್ತೆ. ಹೊರಗೆ ಕರ್ಕೊಂಡು ಹೋಗೋದು ಎದ್ದ ಕೂಡ್ಲೇ, ಊಟ ಆಗಿ ಕಾಲು ಗಂಟೆ ಇಪ್ಪತ್ತು ನಿಮಿಷಕ್ಕೆ, ಮಧ್ಯಾಹ್ನ ನಿದ್ದೆಯಿಂದ ಎದ್ದಾಗ, ಮಲಗೋ ಮುಂಚೆ, ಸದ್ಯಕ್ಕೆ ದಿನಕ್ಕೆ ಐದಾರು ಸಲ ಆಗತ್ತೆ, ಮಾತ್ರೆ ನಡೀತಿರೋವರೆಗೂ ರಾತ್ರಿ ಒಂದು ಸಲ ಎದ್ದು ಹೋಗೋದು ತಪ್ಪಲ್ಲ. ಯಜಮಾನ್ರು ಸದ್ಯ ಈ ಡ್ಯೂಟಿಯಿಂದ ದೂರ ಇದ್ದು ಬರೀ ಊಟ ಹಾಕ್ಲಿ, ಆಟ ಆಡಿಸ್ಲಿ, ಸ್ನೇಹ ವಾಪಸ್ ಬರ್ಲಿ.

ಜಾಗ ಮುಖ್ಯ. ಕಾಂಪೌಂಡ್ ಒಳಗೇ ಎಲ್ಲಾದ್ರೂ ಒಂದು ಗಿಡದ ಪಾತಿ, ಮಣ್ಣಿನ ಮೂಲೆ ಹುಡುಕಿ, ಬೀದಿ ನಾಯಿ ಬರದ ಜಾಗ, ದಿನಾ ಅಲ್ಲಿಗೇ. ಹಗ್ಗ ಉದ್ದದ್ದು ತಗೊಳ್ಳಿ, 4-5 ಮೀಟರ್‌ದು, ಅವಳು ನಿಮ್ಮಿಂದ ದೂರ ಹೋಗಿ ಬೆನ್ನು ಹಾಕಿ ಕೂರೋ ಹಾಗೆ, ನೀವು ಮೊಬೈಲ್ ನೋಡ್ತಾ ನಿಂತ್ಕೊಳ್ಳಿ, ಅವಳ ಮುಖಾನೇ ನೋಡ್ಬೇಡಿ. ಒಂದು ಹಳೇ ಉಪಾಯ ಇದೆ: ಒಳಗೆ ಮಾಡಿದ್ದನ್ನ ಒಂದು ಪೇಪರಲ್ಲಿ ಒತ್ತಿಕೊಂಡು ಹೋಗಿ ಆ ಮಣ್ಣಿಗೆ ಹಚ್ಚಿ, ಪೇಪರ್ ಕಸಕ್ಕೆ ಹಾಕಿ, ಅವಳ ವಾಸನೆ ಅವಳಿಗೆ ಅಲ್ಲಿ ಸಿಗ್ಲಿ. ಹತ್ತು ನಿಮಿಷ ಕಾಯಿರಿ. ಮಾಡಿದ್ರೆ ಮುಗಿಸಿದ ಎರಡು ಮೂರು ಸೆಕೆಂಡ್ ಒಳಗೆ ಒಂದು ತುಂಡು ಬೇಯಿಸಿದ ಕೋಳಿನೋ ಪನ್ನೀರೋ, ಮನೆಗೆ ಬಂದ ಮೇಲೆ ಬಿಸ್ಕೆಟ್ ಕೊಟ್ರೆ ಅವಳು ಲಿಫ್ಟಿಂದ ಇಳಿದಿದ್ದಕ್ಕೆ ಕೊಟ್ರು ಅಂದ್ಕೋತಾಳೆ. ಕೊಟ್ಟ ಮೇಲೆ ವಾಕಿಂಗ್ ಶುರು, ಎಲ್ಲರೂ ಇದನ್ನ ಉಲ್ಟಾ ಮಾಡ್ತಾರೆ, ಉಚ್ಚೆ ಆದ ಕೂಡ್ಲೇ ನಡಿ ಮನೆಗೆ ಅಂತಾರೆ, ನಾಯಿ ಏನು ದಡ್ಡನಾ, ಮಾಡಿದ್ರೆ ಸುತ್ತಾಟ ಮುಗಿಯತ್ತೆ ಅಂತ ಹಿಡ್ಕೊಳ್ಳೋಕೆ ಕಲಿಯತ್ತೆ. ಹತ್ತು ನಿಮಿಷದಲ್ಲಿ ಮಾಡ್ಲಿಲ್ಲ ಅಂದ್ರೆ ಬೈಯದೆ ಮೇಲೆ ಬನ್ನಿ, ಹಗ್ಗ ಬಿಚ್ಚದೆ ನಿಮ್ಮ ಕಾಲಡಿಯೇ ಕೂರಿಸ್ಕೊಳ್ಳಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕೆಳಗೆ. ನೀವು ಈಗ ತಪ್ಪಿಸ್ತಿರೋದು ಆ ಮಧ್ಯದ ಇಪ್ಪತ್ತು ನಿಮಿಷಾನ.

ಒಳಗೆ ಮಾಡ್ತಾ ಇರೋವಾಗ್ಲೇ ಕಂಡ್ರೆ ಕಿರುಚಬೇಡಿ, "ಬಾ ಬಾ ಹೊರಗೆ" ಅಂತ ಲವಲವಿಕೆಯಿಂದ ಕರ್ಕೊಂಡು ಹೋಗಿ. ಆಗೋಗಿದ್ದು ಆಮೇಲೆ ಕಂಡ್ರೆ ಸುಮ್ನೆ ಒರೆಸಿ, ಅವಳನ್ನ ಬೇರೆ ರೂಮಿಗೆ ಕಳಿಸಿ.

ಮನೆಯಲ್ಲಿ ಹಗಲೆಲ್ಲ ಇರೋರು ಅತ್ತೆಯವರು ಅಂತ ನನ್ನ ಊಹೆ. ಹಾಗಿದ್ರೆ ಅವರನ್ನೇ ಈ ಕೆಲಸದ ಮೇಸ್ತ್ರಿ ಮಾಡಿ. ಗೋಡೆ ಕ್ಯಾಲೆಂಡರ್‌ನಲ್ಲಿ, ಏಕಾದಶಿ ಅಮಾವಾಸ್ಯೆ ನೋಡೋ ಅದೇ ಚೌಕದಲ್ಲಿ, ಎಷ್ಟು ಗಂಟೆಗೆ ಹೊರಗೆ ಆಯ್ತು ಎಷ್ಟು ಗಂಟೆಗೆ ಒಳಗೆ ಆಯ್ತು ಅಂತ ಪೆನ್ನಲ್ಲಿ ಬರೀಲಿ, ಹಾಸಿಗೆ ಒದ್ದೆ ಆಗಿದ್ರೆ ಬೇರೆ ಗುರುತು. ಒಂದು ವಾರ ಬರೆದ್ರೆ ಸಾಕು, ಸೋರೋದು ಯಾವುದು, ಭಯಕ್ಕೆ ಆಗೋದು ಯಾವುದು ಅಂತ ಯಾರಿಗಾದ್ರೂ ಕಾಣತ್ತೆ. ಡಾಕ್ಟ್ರಿಗೆ ಆ ಹಾಳೆ ಫೋಟೋ ತೋರಿಸಿ, ಅರ್ಧ ರೋಗ ಅದ್ರಲ್ಲೇ ಗೊತ್ತಾಗತ್ತೆ.

ಮಳೆ ಜೋರಿರೋ ದಿನ ಮತ್ತೆ ಒಳಗೆ ಆಗತ್ತೆ, ಅದಕ್ಕೆ ಮೊದಲೇ ರೆಡಿ ಇರಿ. ನನ್ನ ಸ್ವಂತ ನಾಯಿ, ಬೀದಿಯಿಂದ ತಂದ ಗಂಡು, ಒಂದು ಹನಿ ಮೈಮೇಲೆ ಬಿದ್ರೆ ಯೂ ಟರ್ನ್. ಅವನಿಗೆ ಬಾಲ್ಕನಿಯಲ್ಲಿ ಅಗಲವಾದ ಪ್ಲಾಸ್ಟಿಕ್ ಟ್ರೇಗೆ ಮಣ್ಣು, ತೆಂಗಿನ ನಾರಿನ ಪುಡಿ ತುಂಬಿ ಮೇಲೆ ಒಂದಿಷ್ಟು ಹುಲ್ಲು ಹಾಸಿಟ್ಟಿದ್ದೆ, ಪೂರಾ ಒಗ್ಗೋಕೆ ಹದಿನೈದು ದಿನ ಹಿಡೀತು. ಹಿತ್ತಲ ಮಣ್ಣಿಗೆ ಒಗ್ಗಿದ ಚಿನ್ನಿಗೆ ಇದು ಇನ್ನೂ ಬೇಗ ಒಗ್ಗಬಹುದು. ಮುಂದಿನ ಸಲ ಹಾಸನಕ್ಕೆ ಹೋದಾಗ ಆ ತೆಂಗಿನ ಮರದ ಬುಡದ್ದೇ ಒಂದು ಚೀಲ ಮಣ್ಣು ತನ್ನಿ, ನಗಬೇಡಿ, ಕೆಲಸ ಮಾಡತ್ತೆ.

ಮೈದುನನ ಮನೆ ವಿಷಯ: ಈಗ್ಲೇ ಬೇಡ. ಬಿಟ್ಟು ಬಂದ್ರೆ ಸೋಫಾ ಹಿಂದಿನದು ನಿಲ್ಲಬಹುದು, ಆದ್ರೆ ರಾತ್ರಿ ಸೋರೋದು ಅಲ್ಲೂ ಸೋರತ್ತೆ, ಅಲ್ಲಿ ಅವಳನ್ನ ಅಂಗಳದಲ್ಲಿ ಕಟ್ಟಿಹಾಕ್ತಾರೆ, ರೋಗ ಯಾರ ಕಣ್ಣಿಗೂ ಬೀಳಲ್ಲ. ಮೊದಲು ಸ್ಟ್ರಿಪ್ ನೋಡಿ, ನೀರು ಅಳೆಯಿರಿ, ಯೂರಿನ್ ಟೆಸ್ಟ್ ಮಾಡಿಸಿ, ಈ ವಾರದಲ್ಲೇ. ರಿಪೋರ್ಟ್‌ನಲ್ಲಿ ಸ್ಪೆಸಿಫಿಕ್ ಗ್ರಾವಿಟಿ ಅಂತ ಒಂದು ಸಂಖ್ಯೆ ಇರತ್ತೆ, ಮೂತ್ರ ಎಷ್ಟು ಗಟ್ಟಿ ಎಷ್ಟು ನೀರು ಅಂತ ಹೇಳೋದು, ಅದನ್ನೂ ಮಾತ್ರೆ ಹೆಸರನ್ನೂ ಕ್ಯಾಲೆಂಡರ್ ಫೋಟೋನೂ ನಂಗೆ ಕಳಿಸಿ, ಮುಂದಿನದು ಆಗ ಹೇಳ್ತೀನಿ. ಅಲ್ಲಿವರೆಗೆ ಅವಳ ಹಾಸಿಗೆ ಕೆಳಗೆ ಒಂದು ರಬ್ಬರ್ ಶೀಟ್ ಹಾಕಿ, ಮಕ್ಕಳಿಗೆ ಹಾಕ್ತಾರಲ್ಲ, ಅದೇ.